ಎದೆ ಝಲ್ಲೆಂದರೂ ಮತ್ತೆ ಹತ್ತುವ ಆಸೆ ಏಕೆ?

ಬೇಸಿಗೆ ರಜೆ ಬಂತೆಂದರೆ ಮಕ್ಕಳ ಮೊದಲ ಬೇಡಿಕೆ ಮನರಂಜನಾ ಪಾರ್ಕು. ಊರಿನಲ್ಲಿ ಜಾತ್ರೆಯಿದ್ದರೆ ಜೈಂಟ್ ವೀಲು. ಮೈಸೂರಿನವರಿಗಾದರೆ ದಸರಾ ವಸ್ತುಪ್ರದರ್ಶನ. ದುಡ್ಡು ಕೊಟ್ಟು, ಬಿಸಿಲಿನಲ್ಲಿ ಸಾಲು ನಿಂತು, ಎರಡು ನಿಮಿಷ ಗಂಟಲು ಹರಿಯುವಂತೆ ಕಿರುಚಿ, ನಡುಗುವ ಕಾಲಿನಲ್ಲಿ ಕೆಳಗಿಳಿಯುತ್ತಾರೆ. ಇಳಿದವರೇ ‘ಇನ್ನೊಂದು ಸಲ’ ಎನ್ನುತ್ತಾರೆ. ಅದೇ ಗಾಡಿಯಲ್ಲಿ ಪಕ್ಕದಲ್ಲೇ ಕುಳಿತಿದ್ದ ಇನ್ನೊಬ್ಬರು ಮುಖ ಬಿಳಿಚಿಕೊಂಡು ‘ಈ ಜನ್ಮಕ್ಕೆ ಸಾಕು’ ಎನ್ನುತ್ತಾರೆ. ಇಬ್ಬರೂ ಜಾರಿದ್ದು ಒಂದೇ ಎತ್ತರದಿಂದ, ಒಂದೇ ವೇಗದಲ್ಲಿ. ಒಬ್ಬರಿಗೆ ಅದು ಸುಖವಾಗಿ ಇನ್ನೊಬ್ಬರಿಗೆ ಶಿಕ್ಷೆಯಾದದ್ದು ಹೇಗೆ? ಇದು ಬರೀ ಕುತೂಹಲದ ಪ್ರಶ್ನೆಯಲ್ಲ. ಮಕ್ಕಳನ್ನೂ ಮನೆಯ ಹಿರಿಯರನ್ನೂ ಇಂಥ ಕಡೆಗೆ ಕರೆದೊಯ್ಯುವ ಪ್ರತಿಯೊಬ್ಬರೂ ಇದರ ಉತ್ತರ ತಿಳಿದಿರುವುದು ಒಳ್ಳೆಯದು.

ಬೀಳುವ ಸುಖ ಹೊಸದೇನಲ್ಲ. ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಮರಕ್ಕೆ ಹಗ್ಗ ಕಟ್ಟಿ ಜೋಕಾಲಿ ಜೀಕುವವರನ್ನು ಕೇಳಿ ನೋಡಿ. ಜೋಕಾಲಿ ಮೇಲಕ್ಕೇರಿ, ಅರೆಗಳಿಗೆ ನಿಂತಂತಾಗಿ, ಹಿಂದಕ್ಕೆ ಜಾರುವಾಗ ಹೊಟ್ಟೆಯೊಳಗೆ ಝುಮ್ಮೆನ್ನುತ್ತದಲ್ಲ, ಅದೇ ಈ ಎಲ್ಲ ಆಟಗಳ ತಾಯಿಬೇರು. ಅಮೆರಿಕದ ಕೋನಿ ಐಲೆಂಡಿನಲ್ಲಿ 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಎಂಬಾತ ಏರಿಳಿತದ ಹಳಿಯ ಮೇಲೆ ಗಾಡಿ ಓಡಿಸಿ ಐದು ಸೆಂಟ್ ಟಿಕೆಟ್ ಇಟ್ಟ. ಅದರ ವೇಗ ಗಂಟೆಗೆ ಸುಮಾರು 10 ಕಿಲೋಮೀಟರು. ನಮ್ಮ ಸೈಕಲ್ ಸವಾರರು ಅದಕ್ಕಿಂತ ಜೋರಾಗಿ ಹೋಗುತ್ತಾರೆ! ಆದರೂ ಜನ ಮುಗಿಬಿದ್ದರು. ನೀವೇ ಗಮನಿಸಿರಬಹುದು: ಬಸ್ಸು 80 ಕಿಲೋಮೀಟರು ವೇಗದಲ್ಲಿ ಒಂದೇ ಸಮನೆ ಹೋಗುತ್ತಿದ್ದರೆ ನಿದ್ದೆ ಬರುತ್ತದೆ. ಅದೇ ಬಸ್ಸು ರಸ್ತೆಯ ಉಬ್ಬನ್ನು ದಾಟಿ ಇಳಿದರೆ ಹಿಂದಿನ ಸೀಟಿನವರೆಲ್ಲ ‘ಹೋ’ ಎನ್ನುತ್ತಾರೆ. ವೇಗ ಎಷ್ಟೇ ಇರಲಿ, ಅದು ಬದಲಾದಾಗ ಮಾತ್ರ ದೇಹಕ್ಕೆ ಸುದ್ದಿ ಮುಟ್ಟುತ್ತದೆ.

ಈ ಸುದ್ದಿ ಮುಟ್ಟಿಸುವ ಅಂಗ ಇರುವುದು ಕಿವಿಯ ಒಳಗೆ. ಶಬ್ದ ಕೇಳುವ, ಶಂಖದ ಸುರುಳಿಯಂತಿರುವ ಭಾಗದ ಪಕ್ಕದಲ್ಲೇ ಮೂರು ಪುಟ್ಟ ಅರೆವೃತ್ತಾಕಾರದ ನಾಳಗಳಿವೆ. ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿಸಿದಾಗ ಈ ದ್ರವ ತುಸು ಹಿಂದುಳಿದು ಒಳಗಿನ ಸೂಕ್ಷ್ಮ ರೋಮಗಳನ್ನು ಬಾಗಿಸುತ್ತದೆ. ‘ತಲೆ ಇತ್ತ ತಿರುಗಿತು’ ಎಂಬ ಸಂದೇಶ ಮಿದುಳಿಗೆ ಹೋಗುತ್ತದೆ. ನಾಳಗಳ ಬುಡದಲ್ಲಿ ಎರಡು ಚಿಕ್ಕ ಚೀಲಗಳಿವೆ. ಅವುಗಳಲ್ಲಿ ಮೆತ್ತನೆಯ ಪದರದ ಮೇಲೆ ಸುಣ್ಣದ ಹರಳುಗಳು ಕುಳಿತಿವೆ. ಮೇಲೆ-ಕೆಳಗೆ, ಹಿಂದೆ-ಮುಂದೆ ಚಲಿಸಿದರೆ ಈ ಹರಳುಗಳು ಜಗ್ಗಿ ಸುದ್ದಿ ಕೊಡುತ್ತವೆ. ನಾವು ಕುರ್ಚಿಯಲ್ಲಿ ಸುಮ್ಮನೆ ಕುಳಿತಾಗ ‘ಭಾರ’ ಎಂದು ಅನ್ನಿಸುವುದು ವಾಸ್ತವವಾಗಿ ಕುರ್ಚಿ ನಮ್ಮನ್ನು ಕೆಳಗಿನಿಂದ ಒತ್ತುತ್ತಿರುವುದು. ರೋಲರ್ ಕೋಸ್ಟರ್ ದಿಬ್ಬದ ನೆತ್ತಿ ದಾಟಿ ಬೀಳುವಾಗ ಸೀಟೂ ನಮ್ಮ ಜೊತೆಗೇ ಬೀಳುತ್ತದೆ, ಒತ್ತುವವರೇ ಇಲ್ಲ. ಹೊಟ್ಟೆಯೊಳಗಿನ ಜಠರ, ಕರುಳುಗಳು ಗೋಡೆಗೆ ಮೊಳೆ ಹೊಡೆದಂತೆ ಬಿಗಿಯಾಗಿ ಕೂತಿಲ್ಲ, ಸಡಿಲವಾಗಿ ತೂಗಿಬಿದ್ದಿವೆ. ಆಧಾರ ತಪ್ಪಿದೊಡನೆ ಅವೂ ಹಗುರಾಗುತ್ತವೆ. ಅದೇ ಆ ಝುಮ್.

ದಿಬ್ಬದ ಬುಡಕ್ಕೆ ಬಂದಾಗ ಇದಕ್ಕೆ ತದ್ವಿರುದ್ಧ. ಅಲ್ಲಿ ಭೂಮಿಯ ಸಾಮಾನ್ಯ ಸೆಳೆತದ ಮೂರು ಪಟ್ಟು, ಕೆಲವೊಮ್ಮೆ ನಾಲ್ಕು ಪಟ್ಟು ಒತ್ತಡ ಬೀಳುತ್ತದೆ. 60 ಕಿಲೋ ತೂಕದವರು ಒಂದೆರಡು ಸೆಕೆಂಡು 180 ಕಿಲೋ ತೂಗಿದಂತೆ! ಗಾಬರಿ ಬೇಡ, ಆರೋಗ್ಯವಂತ ದೇಹ ಅಷ್ಟು ಹೊತ್ತು ಇದನ್ನು ತಡೆದುಕೊಳ್ಳುತ್ತದೆ. ಆದರೆ ಒತ್ತಡದ ಲೆಕ್ಕ ತಪ್ಪಿದರೆ ಮೋಜು ಹೋಗಿ ನೋವು ಉಳಿಯುತ್ತದೆ. 1895ರಲ್ಲಿ ಕೋನಿ ಐಲೆಂಡಿನಲ್ಲೇ ‘ಫ್ಲಿಪ್ ಫ್ಲ್ಯಾಪ್’ ಎಂಬ ತಲೆಕೆಳಗು ಗಾಡಿ ಬಂತು. ಅದರ ಸುತ್ತು ಬಳೆಯಂತೆ ಪೂರ್ಣ ವೃತ್ತವಾಗಿತ್ತು. ಗಾಡಿ ವೃತ್ತವನ್ನು ಹೊಕ್ಕೊಡನೆ ಒತ್ತಡ ಒಮ್ಮೆಲೇ ಏರಿ, ಹತ್ತಿದವರು ಕುತ್ತಿಗೆ ಹಿಡಿದುಕೊಂಡು ಇಳಿಯುತ್ತಿದ್ದರು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್ ಪಾರ್ಕಿನಲ್ಲಿ ಜರ್ಮನಿಯ ಎಂಜಿನಿಯರುಗಳು ಸುತ್ತನ್ನು ಬಳೆಯ ಬದಲು ನೀರಿನ ಹನಿಯ ಆಕಾರಕ್ಕೆ, ಅಂದರೆ ಕೆಳಗೆ ಅಗಲ, ಮೇಲೆ ಕಿರಿದು ಮಾಡಿದರು. ಒತ್ತಡ ಮೆಲ್ಲನೆ ಏರಿ ಮೆಲ್ಲನೆ ಇಳಿಯತೊಡಗಿತು. ಇವತ್ತು ನೀವು ನೋಡುವ ತಲೆಕೆಳಗಾದ ಸುತ್ತುಗಳಲ್ಲಿ ಇದೇ ಉಪಾಯವಿದೆ.

ಮುಂದಿನ ಸೀಟೋ ಹಿಂದಿನದೋ ಎಂದು ಮಕ್ಕಳು ಜಗಳವಾಡುತ್ತಾರೆ. ಮುಂದೆ ಕೂತವರಿಗೆ ಎದುರಿನ ಕಂದರ ಕಾಣುತ್ತದೆ. ಹಿಂದೆ ಕೂತವರನ್ನು ಆಗಲೇ ಕೆಳಗಿಳಿಯುತ್ತಿರುವ ಮುಂದಿನ ಡಬ್ಬಿಗಳು ಎಳೆದುಕೊಂಡು ಹೋಗುವುದರಿಂದ ನೆತ್ತಿಯನ್ನು ಅವರು ಹೆಚ್ಚು ವೇಗದಲ್ಲಿ ದಾಟುತ್ತಾರೆ. ಸೀಟಿನಿಂದ ಮೇಲೆದ್ದಂತಾಗುವುದು ಅವರಿಗೇ ಹೆಚ್ಚು. ಇದಕ್ಕೆ ಸಾಕ್ಷಿ ವಿಚಿತ್ರವಾದ ಕಡೆಯಿಂದ ಬಂದಿದೆ. 2016ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ವೈದ್ಯರು ಸಿಲಿಕೋನ್ ಮೂತ್ರಪಿಂಡದ ಮಾದರಿಯಲ್ಲಿ ನಿಜವಾದ ಕಲ್ಲುಗಳನ್ನಿಟ್ಟು, ಚೀಲದಲ್ಲಿ ಹಾಕಿಕೊಂಡು ಡಿಸ್ನಿ ಪಾರ್ಕಿನ ಗಾಡಿ ಹತ್ತಿದರು. ಹಿಂದಿನ ಸೀಟಿನಲ್ಲಿ 36 ಸಲದಲ್ಲಿ 23 ಸಲ ಕಲ್ಲು ಜಾರಿಕೊಂಡಿತು, ಮುಂದಿನ ಸೀಟಿನಲ್ಲಿ 24 ಸಲದಲ್ಲಿ ಬರೀ 4 ಸಲ. (ಕಲ್ಲಿನ ತೊಂದರೆಯಿರುವ ಓದುಗರು ಇದನ್ನು ಚಿಕಿತ್ಸೆಯೆಂದು ತಿಳಿದು ಪಾರ್ಕಿಗೆ ಓಡಬಾರದು. ನೀರು ಕುಡಿಯಿರಿ, ಡಾಕ್ಟರನ್ನು ನೋಡಿ.)

ಇನ್ನು ಎದೆಯ ವಿಷಯ. ಜರ್ಮನಿಯ ಮ್ಯಾನ್‌ಹೈಮ್ ಆಸ್ಪತ್ರೆಯ ಹೃದ್ರೋಗ ತಜ್ಞರು 55 ಆರೋಗ್ಯವಂತರ ಎದೆಗೆ ಇ.ಸಿ.ಜಿ. ಪಟ್ಟಿ ಕಟ್ಟಿ, ಗಂಟೆಗೆ 120 ಕಿಲೋಮೀಟರು ವೇಗದ ರೋಲರ್ ಕೋಸ್ಟರ್ ಹತ್ತಿಸಿದರು. 2005ರಲ್ಲಿ ಅವರು ತಿಳಿಸಿದ ಫಲಿತಾಂಶದ ಪ್ರಕಾರ ಹೃದಯಬಡಿತ ಸರಾಸರಿ ನಿಮಿಷಕ್ಕೆ 91ರಿಂದ 153ಕ್ಕೆ ಏರಿತ್ತು. ಕುಳಿತವರು ಕುಳಿತಲ್ಲೇ ಇದ್ದರು ಎಂಬುದನ್ನು ಮರೆಯಬೇಡಿ. ಯಾರೂ ಓಡಲಿಲ್ಲ, ಭಾರ ಎತ್ತಲಿಲ್ಲ. ‘ಬಿದ್ದೆ’ ಎಂದು ಕಿವಿ ಕೂಗಿದೊಡನೆ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ಹಾವನ್ನು ಕಂಡಾಗ ಆಗುವುದೂ ಇದೇ. ದೇಹದ ಮಟ್ಟದಲ್ಲಿ ಹಾವಿಗೂ ರೋಲರ್ ಕೋಸ್ಟರಿಗೂ ಹೆಚ್ಚು ವ್ಯತ್ಯಾಸವಿಲ್ಲ.

ವ್ಯತ್ಯಾಸವನ್ನು ಮಾಡುವುದು ಬುದ್ಧಿ. ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಅವರು ಇದನ್ನು ಮೆಣಸಿನಕಾಯಿಯ ಉದಾಹರಣೆಯಿಂದ ವಿವರಿಸಿದ್ದಾರೆ. ನಮಗಂತೂ ಇದನ್ನು ಹೇಳಿಕೊಡಬೇಕಾಗಿಲ್ಲ. ಮಂಡಕ್ಕಿಯ ಜೊತೆ ಖಾರದ ಮಿರ್ಚಿ ಕಚ್ಚಿದಾಗ ನಾಲಿಗೆ ‘ಬೆಂಕಿ’ ಎಂದು ಅರಚುತ್ತದೆ, ಕಣ್ಣು ಮೂಗು ಸುರಿಯುತ್ತವೆ. ನಾಲಿಗೆ ಸುಟ್ಟಿಲ್ಲವೆಂದು ಬುದ್ಧಿಗೆ ಗೊತ್ತು, ಕೈ ಇನ್ನೊಂದು ಮಿರ್ಚಿಗೆ ಹೋಗುತ್ತದೆ. ದೇಹ ಮೋಸಹೋದದ್ದನ್ನು ನೋಡಿ ಬುದ್ಧಿ ಪಡುವ ಸಂತೋಷವಿದು. ರೋಲರ್ ಕೋಸ್ಟರಿನಲ್ಲೂ ಹಾಗೆಯೇ: ದೇಹ ‘ಸತ್ತೆ’ ಎನ್ನುತ್ತದೆ, ಬುದ್ಧಿ ‘ಏನೂ ಆಗುವುದಿಲ್ಲ’ ಎನ್ನುತ್ತದೆ. ಎರಡು ದನಿಯೂ ಕೇಳುತ್ತಿರಬೇಕು. ಮೊದಲನೆಯದು ಇಲ್ಲದಿದ್ದರೆ ಆಕಳಿಕೆ ಬರುತ್ತದೆ, ಎರಡನೆಯದು ಇಲ್ಲದಿದ್ದರೆ ಉಳಿಯುವುದು ಬರೀ ಭಯ. ಡೆನ್ಮಾರ್ಕಿನ ಆರ್ಹುಸ್ ವಿಶ್ವವಿದ್ಯಾಲಯದವರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೋಜಿಗಾಗಿ ಕಟ್ಟಿದ ಭೂತಬಂಗಲೆಯನ್ನು ಹೊಕ್ಕವರ ಹೃದಯಬಡಿತ ಅಳೆದು ನೋಡಿದಾಗಲೂ ಕಂಡದ್ದು ಇದೇ. ತೀರಾ ಕಡಿಮೆ ಹೆದರಿದವರಿಗೂ ತೀರಾ ಹೆಚ್ಚು ಹೆದರಿದವರಿಗೂ ಅಷ್ಟಾಗಿ ಮಜಾ ಸಿಗಲಿಲ್ಲ. ನಡುವೆ ಇದ್ದವರು ಹೆಚ್ಚು ಆನಂದಪಟ್ಟರು.

ಆ ಎರಡನೆಯ ದನಿ ಎಲ್ಲಿಂದ ಬರುತ್ತದೆ? ಬಹುಪಾಲು, ‘ನಾನೇ ಇಷ್ಟಪಟ್ಟು ಹತ್ತಿದೆ’ ಎಂಬುದರಿಂದ.

ಮಕ್ಕಳನ್ನು ನೂಕಬೇಡಿ

ಸಾಲಿನಲ್ಲಿ ನಿಂತು ಅಳುತ್ತಿರುವ ಮಗುವನ್ನು ‘ಗಂಡುಹುಡುಗ ಹೆದರ್ತಾನೇನೋ?’ ಎಂದು ರೇಗಿಸಿ ಹತ್ತಿಸುವ ಅಪ್ಪಂದಿರನ್ನು, ಮಾವಂದಿರನ್ನು ನೀವೂ ನೋಡಿದ್ದೀರಿ. ಮಗುವಿನ ಧೈರ್ಯ ಬೆಳೆಯಲಿ ಎಂಬುದು ಅವರ ಉದ್ದೇಶ. ಆದರೆ ಆ ಮಗುವಿನ ಒಳಗೆ ‘ಏನೂ ಆಗುವುದಿಲ್ಲ’ ಎನ್ನುವ ದನಿ ಇನ್ನೂ ಹುಟ್ಟಿಲ್ಲ. ಅಪ್ಪನಿಗೆ ಆಟವಾದದ್ದು ಮಗುವಿಗೆ ನಿಜವಾದ ಬೀಳುವಿಕೆ, ಅದೂ ನಂಬಿದವರೇ ತಳ್ಳಿದ್ದು. ರಜೆ ಮುಗಿದ ಮೇಲೆ ರಾತ್ರಿ ಬೆಚ್ಚಿ ಏಳುವ, ಲಿಫ್ಟ್ ಹತ್ತಲೂ ಹೆದರುವ ಮಕ್ಕಳನ್ನು ಕರೆದುಕೊಂಡು ಬರುವ ತಂದೆತಾಯಂದಿರು ನನಗೆ ಹೊಸಬರಲ್ಲ. ಮಗು ಮೊದಲು ಕೆಳಗೆ ನಿಂತು ಬೇರೆಯವರು ನಗುತ್ತಾ ಇಳಿಯುವುದನ್ನು ನೋಡಲಿ. ಚಿಕ್ಕ ಆಟದಿಂದ ಶುರುಮಾಡಲಿ. ಗೇಟಿನ ಹತ್ತಿರ ಹೋಗಿ ‘ಬೇಡ’ ಎಂದರೆ ನಗಾಡದೆ ಹಿಂದಕ್ಕೆ ಕರೆತನ್ನಿ. ಹೊಸದಾಗಿ ಮದುವೆಯಾದ ಹೆಂಡತಿಯನ್ನೂ ಅರವತ್ತು ದಾಟಿದ ತಾಯಿಯನ್ನೂ ಬಲವಂತವಾಗಿ ಹತ್ತಿಸುವವರಿಗೂ ಇದೇ ಮಾತು.

ಪ್ರವೇಶದ ಬಳಿ ಎತ್ತರ ಅಳೆಯುವ ಕಂಬ ಇರುತ್ತದೆ. ‘ಇನ್ನೆರಡು ಇಂಚು ತಾನೆ, ಬಿಡ್ರಿ’ ಎಂದು ಜಗಳ ತೆಗೆಯಬೇಡಿ. ಸೀಟಿನ ಮೇಲೆ ಬಂದು ಕೂರುವ ಕಬ್ಬಿಣದ ಪಟ್ಟಿಯನ್ನು ಇಂತಿಷ್ಟು ಎತ್ತರದ ಮೈಗೆಂದೇ ಮಾಡಿರುತ್ತಾರೆ. ಅದಕ್ಕಿಂತ ಚಿಕ್ಕ ಮೈ ಅದರಡಿ ಜಾರಬಹುದು. ಬುದ್ಧಿಯ ಭರವಸೆಗೆ ಆಧಾರ ಇಂಥ ಕಬ್ಬಿಣವೇ. ಜಾತ್ರೆಯ ಆಟಗಳನ್ನು ಊರಿಂದೂರಿಗೆ ಬಿಚ್ಚಿ ಕಟ್ಟುತ್ತಿರುತ್ತಾರೆ. ಹತ್ತುವ ಮೊದಲು ಎರಡು ಸುತ್ತು ನಿಂತು ನೋಡಿ: ಕೂರುವ ತೊಟ್ಟಿಲಿನ ಬಾಗಿಲಿಗೆ ಚಿಲಕ ಇದೆಯೇ, ನಡೆಸುವವನು ಪ್ರತಿ ಸಲವೂ ಅದನ್ನು ಎಳೆದು ನೋಡುತ್ತಾನೆಯೇ? ಇಲ್ಲವಾದರೆ ಹತ್ತಬೇಡಿ. ಉದ್ದ ಜಡೆ, ದುಪಟ್ಟಾ, ಸೀರೆಯ ಸೆರಗನ್ನು ಬಿಗಿಯಾಗಿ ಕಟ್ಟಿಕೊಳ್ಳಿ.

ವಾಕರಿಕೆ ಬರುವವರಿಗೆ ಒಂದು ಮಾತು. ಕಣ್ಣು ಹೇಳುವುದಕ್ಕೂ ಒಳಕಿವಿ ಹೇಳುವುದಕ್ಕೂ ತಾಳೆಯಾಗದಿದ್ದಾಗ ಹೊಟ್ಟೆ ತೊಳಸುತ್ತದೆ. ಆದ್ದರಿಂದಲೇ ಬೀಳುವ ಆಟಗಳಿಗಿಂತ ಗಿರಗಿರನೆ ತಿರುಗುವ ಆಟಗಳು ಹೆಚ್ಚು ಜನರನ್ನು ಕೆಡಿಸುತ್ತವೆ. ಕಣ್ಣು ಮುಚ್ಚದೆ ಗಾಡಿ ಹೋಗುವ ದಿಕ್ಕಿಗೇ ನೋಡಿ. ಹೊಟ್ಟೆಬಿರಿಯ ಉಂಡು ಹತ್ತಬೇಡಿ, ಪೂರ್ತಿ ಹಸಿದೂ ಹತ್ತಬೇಡಿ. ಚಿಕ್ಕಂದಿನಲ್ಲಿ ಇಷ್ಟವಾಗುತ್ತಿದ್ದ ಗಿರಗಿಟ್ಟಲೆ ನಲವತ್ತರ ನಂತರ ಸೇರುವುದಿಲ್ಲವೆಂದು ಬೇಸರಪಡಬೇಕಾಗಿಲ್ಲ; ಅಭ್ಯಾಸ ತಪ್ಪಿದ ಒಳಕಿವಿ ಮೊದಲಿನಷ್ಟು ಸುಲಭವಾಗಿ ಹೊಂದಿಕೊಳ್ಳುವುದಿಲ್ಲ. ನಾನಂತೂ ಈಗ ಜೈಂಟ್ ವೀಲಿಗೆ ತೃಪ್ತ.

ಯಾರು ಹತ್ತಲೇಬಾರದು? ಹೃದಯಾಘಾತವಾಗಿದ್ದವರು, ಪೇಸ್‌ಮೇಕರ್ ಹಾಕಿಸಿಕೊಂಡವರು, ಹತೋಟಿಗೆ ಬಾರದ ರಕ್ತದೊತ್ತಡ ಇರುವವರು. ಇಷ್ಟಪಟ್ಟು ಹತ್ತಿದರೂ 153ಕ್ಕೆ ಏರುವ ಬಡಿತವನ್ನು ಅವರ ಹೃದಯ ತಡೆಯಲಾರದು. ಗರ್ಭಿಣಿಯರು, ಕುತ್ತಿಗೆ ಮತ್ತು ಬೆನ್ನುಮೂಳೆಯ ಡಿಸ್ಕ್ ತೊಂದರೆಯವರು, ಮೂರ್ಛೆರೋಗ ಇರುವವರು, ಕಣ್ಣಿನ ಅಕ್ಷಿಪಟಲ ಕಳಚಿ ಚಿಕಿತ್ಸೆ ಪಡೆದವರು, ಈಚೆಗೆ ಆಪರೇಷನ್ ಆದವರು ಕೂಡ ಕೆಳಗೇ ನಿಂತು ಚೀಲ ಕಾಯುವುದು ಮೇಲು. ರಕ್ತ ಹೆಪ್ಪುಗಟ್ಟದಿರಲು ಮಾತ್ರೆ ತೆಗೆದುಕೊಳ್ಳುವವರು ಮತ್ತು ವಯಸ್ಸಾದವರು ಇನ್ನಷ್ಟು ಜಾಗ್ರತೆ ವಹಿಸಬೇಕು. ತಲೆ ಜೋರಾಗಿ ಕುಲುಕಿದಾಗ ಮಿದುಳಿನ ಹೊದಿಕೆಯಡಿ ಸಣ್ಣ ರಕ್ತನಾಳ ಹರಿದು, ರಕ್ತ ನಿಧಾನವಾಗಿ ಜಿನುಗುವುದುಂಟು. ಇದು ಅಪರೂಪ, ಆದರೆ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಲಕ್ಷಣ ಅಂದೇ ಕಾಣಬೇಕೆಂದಿಲ್ಲ, ವಾರಗಳ ನಂತರವೂ ಕಾಣಬಹುದು. ಪಾರ್ಕಿಗೆ ಹೋಗಿ ಬಂದ ಮೇಲೆ ದಿನೇ ದಿನೇ ಹೆಚ್ಚುವ ತಲೆನೋವು, ವಾಂತಿ, ಮಂಪರು, ಒಂದು ಕೈ ಅಥವಾ ಕಾಲಿನಲ್ಲಿ ಬಲ ಕುಂದುವುದು ಕಂಡರೆ ನೋವಿನ ಮಾತ್ರೆ ನುಂಗಿ ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಿ. ಡಾಕ್ಟರು ಕೇಳದಿದ್ದರೂ ರೋಲರ್ ಕೋಸ್ಟರ್ ಹತ್ತಿದ್ದನ್ನು ನೀವಾಗಿಯೇ ಹೇಳಿ.