ಕುಳಿತವರೂ ನಿಂತವರೂ

ಗುರುತಿಲ್ಲದ ನಾಲ್ವರು ಕುಳಿತು ಮಾತನಾಡುತ್ತಿರುವಲ್ಲಿಗೆ ಐದನೆಯವನಾಗಿ ಹೋಗಿ ಸೇರುವುದು ಸಣ್ಣ ಸಾಹಸವಲ್ಲ. ಕುಳಿತವರಿಗೆ ನೆಲದ ಬಲವುಂಟು. ನಿಂತವನಿಗೆ ತನ್ನ ಕೈಗಳನ್ನು ಎಲ್ಲಿಡಬೇಕೆಂಬುದೇ ಚಿಂತೆ.

ನಾಗಸಂದ್ರದಲ್ಲಿ ಇದು ದಿನನಿತ್ಯದ ಸಾಹಸ. ತುಮಕೂರು ರಸ್ತೆಯ ಮೇಲಿನ ಊರು. ಪೀಣ್ಯದ ಕಾರ್ಖಾನೆಗಳು ಮಗ್ಗುಲಲ್ಲೇ ಇವೆ. 2015ರ ಮೇ 1ರಂದು ಇಲ್ಲಿಗೆ ಮೆಟ್ರೋ ಬಂದಿತು. 2024ರ ನವೆಂಬರಿನಲ್ಲಿ ಹಳಿ ಮಾದಾವರದವರೆಗೆ ಬೆಳೆಯುವ ತನಕ ಇದೇ ಕಡೆಯ ನಿಲ್ದಾಣ. ಬಂದವರೆಲ್ಲ ಇಳಿಯಲೇಬೇಕಾಗಿದ್ದ ಊರು. ಸಂಜೆ ಪಾಳಿ ಮುಗಿಸಿದವರು ಟೀ ಅಂಗಡಿಯ ಮುಂದಿನ ಕಲ್ಲುಚಪ್ಪಡಿಯ ಮೇಲೆ ಕೂರುತ್ತಾರೆ. ರಾಯಚೂರಿನ ಕಡೆಯ ಹೊಸ ಹುಡುಗನೊಬ್ಬ ಲೋಟ ಹಿಡಿದು ಅಷ್ಟು ದೂರದಲ್ಲಿ ನಿಂತಿರುತ್ತಾನೆ. ಹಗಲೆಲ್ಲ ಯಂತ್ರದ ಸದ್ದಿನಲ್ಲಿದ್ದು ಬಂದ ಅವನಿಗೆ ಈ ಹತ್ತು ನಿಮಿಷದಲ್ಲಿ ಮಾತು ದೊರೆಯದಿದ್ದರೆ ಅಂದಿಗೆ ಮಾತೇ ಇಲ್ಲ.

ಹಿಂದೆ ಇಂಥವನಿಗೆ ನೆಪಗಳಿದ್ದವು. ಬೆಂಕಿಪೆಟ್ಟಿಗೆ ಕೇಳಬಹುದಿತ್ತು, ಗಂಟೆ ಎಷ್ಟೆನ್ನಬಹುದಿತ್ತು, ಬಸ್ಸಿನ ದಾರಿ ವಿಚಾರಿಸಬಹುದಿತ್ತು. ಗಂಟೆಯನ್ನೂ ದಾರಿಯನ್ನೂ ಈಗ ಜೇಬಿನ ಫೋನೇ ಹೇಳಿಬಿಡುತ್ತದೆ. ಉಳಿದಿರುವುದು ಅಂಗಡಿಯ ಪತ್ರಿಕೆಯೊಂದೇ. “ಅಣ್ಣ, ಆ ನಡುವಿನ ಹಾಳೆ ಕೊಡ್ತೀರಾ?” ಎಂದು ಕೇಳಿದವನಿಗೆ ಹಾಳೆಯೂ ಸಿಗುತ್ತದೆ, ಕೆಲವೊಮ್ಮೆ ಜಾಗವೂ ಸಿಗುತ್ತದೆ. ಎರಡು ದಿನ ಕಳೆದರೆ ‘ಬೈ ಟು’ ಹೇಳುವ ಸಲಿಗೆ ಬೆಳೆಯುತ್ತದೆ. ಒಬ್ಬನೇ ಇದ್ದವನು ಬೈ ಟು ಹೇಳಲಾರನಷ್ಟೆ!

ಆದರೆ ನೆಪ ಸಿಕ್ಕಮಾತ್ರಕ್ಕೆ ಬಾಗಿಲು ತೆರೆಯದು. “ಯಾವೂರಾಯ್ತು?” ಎಂಬ ಪ್ರಶ್ನೆಯಲ್ಲಿ ಪ್ರೀತಿಯಿದೆ. ಅದರ ಬೆನ್ನಿಗೇ ಬರುವ “ಯಾರ ಪೈಕಿ?” ಎಂಬುದರಲ್ಲಿ ಅಳತೆಗೋಲಿದೆ. ಹುಡುಗನ ಮುಖ ಅಲ್ಲಿ ಬಾಡುವುದನ್ನು ನಾನು ಕಂಡಿದ್ದೇನೆ. ಹಳ್ಳಿಯ ಅರಳಿಕಟ್ಟೆಯನ್ನು ನಾವು ಎಷ್ಟೇ ಹೊಗಳಿದರೂ, ಅದನ್ನು ಹತ್ತಲಾರದೆ ಕೆಳಗೇ ನಿಂತವರೂ ಇದ್ದರೆಂಬುದನ್ನು ಮರೆಯಲಾಗದು.

ನಮ್ಮ ನಾಡಿಗೆ ಈ ವಿಚಾರ ಹೊಸದಲ್ಲ. ಬಂದವರ ಕ್ಷೇಮ ಕೇಳದೆ, ಕುಳಿತುಕೊಳ್ಳಿ ಎನ್ನದೆ ಬೀಗುವವರನ್ನು ಕುರಿತು ಬಸವಣ್ಣನವರು 12ನೆಯ ಶತಮಾನದಲ್ಲಿಯೇ ವಚನ ರಚಿಸಿದರು. ಕಲ್ಯಾಣದ ಶರಣರ ನಡುವೆ ಬಂದು ನಿಂತ ಅಕ್ಕಮಹಾದೇವಿಯನ್ನು ಅಲ್ಲಮಪ್ರಭು ಬಿರುಸಾಗಿ ಪ್ರಶ್ನಿಸಿದುದನ್ನು ಶೂನ್ಯಸಂಪಾದನೆ ಹೇಳುತ್ತದೆ. ಆ ಪ್ರಶ್ನೆಗಳು ಅವಳ ಅರಿವನ್ನು ಕುರಿತವು; ಕಡೆಗೆ ಆ ಸಭೆ ಅವಳನ್ನು ತನ್ನವಳೆಂದು ಗೌರವಿಸಿತು.

ಆದ್ದರಿಂದ, ಸೇರುವ ಕಲೆಯನ್ನು ನಿಂತವನಿಗೆ ಮಾತ್ರ ಬೋಧಿಸುವುದು ನ್ಯಾಯವಲ್ಲ. ನಾಗಸಂದ್ರದ ಆ ಚಪ್ಪಡಿಯ ಮೇಲೆ ಇಂದು ಕುಳಿತವರಲ್ಲಿ ಹೆಚ್ಚಿನವರು ಒಂದಾನೊಂದು ಸಂಜೆ ಲೋಟ ಹಿಡಿದು ನಿಂತಿದ್ದವರೇ. ಅವರಲ್ಲೊಬ್ಬರು ಮಾತು ನಿಲ್ಲಿಸದೆಯೇ ನಾಲ್ಕು ಬೆರಳಿನಷ್ಟು ಪಕ್ಕಕ್ಕೆ ಸರಿದರೆ ಸಾಕು. ಹುಡುಗನಿಗೆ ಅರ್ಥವಾಗುತ್ತದೆ.