ಸಕ್ಕರೆ ಅಚ್ಚಿನಂಥ ಸೂಜಿ: ನಮ್ಮ ಹಸುಗಳಿಗೆ ಯಾವಾಗ?



ಕಳೆದ ಸುತ್ತಿನಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಒಂದು ಹಳ್ಳಿಗೆ ಹೋಗಿದ್ದೆ. ಒಬ್ಬ ಅಕ್ಕ ಕೊಟ್ಟಿಗೆಯ ಬಾಗಿಲಲ್ಲೇ ತಡೆದರು. "ಡಾಕ್ಟ್ರೇ, ಈ ಸಲ ನಮ್ಮ ಹಸಕ್ಕೆ ಬೇಡ. ಹೋದ ಸಲ ಚುಚ್ಚಿದ ಮೇಲೆ ಎರಡು ದಿನ ಹಾಲು ಕಮ್ಮಿ ಆಯ್ತು. ಸೂಜಿ ಕಂಡ್ರೆ ಹಗ್ಗ ಕಿತ್ಕೊಂಡು ಓಡ್ತದೆ" ಎಂದರು. ಕಾಲೇಜು ಓದುವ ಮಗಳು ಪಕ್ಕದಲ್ಲೇ ಇದ್ದಳು. "ಡಾಕ್ಟ್ರೇ, ಈಗ ನೋವೇ ಆಗದ ಸೂಜಿ ಪ್ರಿಂಟ್ ಮಾಡ್ತಾರಂತೆ. ಹಣೆಗೆ ಸ್ಟಿಕ್ಕರ್ ಇಟ್ಟ ಹಾಗೆ ಅಂಟಿಸಿದ್ರೆ ಸಾಕಂತೆ. ಅದು ಹಸಕ್ಕೆ ಯಾವಾಗ ಬರ್ತದೆ?" ಎಂದು ಕೇಳಿದಳು.

ಅಂದು ಇನ್ನೂ ಅರ್ಧ ಊರಿನ ಕೆಲಸ ಬಾಕಿ ಇತ್ತು. ಕೂತು ವಿವರಿಸಲಿಲ್ಲ. ಆ ಹಸು ಲಸಿಕೆ ಇಲ್ಲದೆ ಉಳಿಯಿತು. ಅದು ನನ್ನ ತಪ್ಪು. ಆ ಹುಡುಗಿಯ ಪ್ರಶ್ನೆಗೆ ಉತ್ತರ ಇಲ್ಲಿ ಬರೆಯುತ್ತಿದ್ದೇನೆ.

ಏನಿದು ಪುಟಾಣಿ ಸೂಜಿ?

ಹುಲ್ಲು ಕೊಯ್ಯುವಾಗ ತುರುಚೆ ಸೊಪ್ಪು ಕೈಗೆ ತಾಗಿದರೆ ಏನಾಗುತ್ತದೆ? ರಕ್ತ ಬರುವುದಿಲ್ಲ, ಆದರೆ ಉರಿ, ತುರಿಕೆ ಶುರು. ಅದರ ಸಣ್ಣ ರೋಮದಂಥ ಮುಳ್ಳುಗಳು ಚರ್ಮದ ಮೇಲ್ಪದರ ದಾಟಿ ರಸವನ್ನು ಒಳಗೆ ಇಳಿಸುತ್ತವೆ. ಇದೇ ದಾರಿಯಲ್ಲಿ ಉರಿಯ ಬದಲು ಔಷಧಿ ಇಳಿಸುವುದೇ ಈ ಸೂಜಿಗಳ ಕೆಲಸ. ವಿಜ್ಞಾನಿಗಳು ಇದನ್ನು 'ಮೈಕ್ರೋನೀಡಲ್' ಎನ್ನುತ್ತಾರೆ.

ಒಂದೊಂದು ಸೂಜಿಯೂ ಸಾಮಾನ್ಯವಾಗಿ ಒಂದು ಮಿಲಿಮೀಟರಿಗಿಂತ ಕಡಿಮೆ, ಅಂದರೆ ರಾಗಿ ಕಾಳಿಗಿಂತ ಗಿಡ್ಡ. ಇಂಥ ಹತ್ತಾರು, ನೂರಾರು ಸೂಜಿಗಳು ಒಂದು ಸಣ್ಣ ಪಟ್ಟಿಯ ಮೇಲೆ ಸಾಲಾಗಿ ನಿಂತಿರುತ್ತವೆ. ಪಟ್ಟಿಯನ್ನು ಚರ್ಮದ ಮೇಲಿಟ್ಟು ಒತ್ತಿದರೆ ಅವು ಮೇಲ್ಪದರವನ್ನಷ್ಟೇ ದಾಟುತ್ತವೆ. ನೋವು ತಿಳಿಸುವ ನರಗಳು ಹೆಚ್ಚಾಗಿರುವ ಆಳಕ್ಕೆ ಹೋಗುವುದಿಲ್ಲ. ರೋಗವನ್ನು ಗುರುತು ಹಿಡಿಯುವ ಕಾವಲು ಕಣಗಳು ಚರ್ಮದಲ್ಲೇ ದಂಡಿಯಾಗಿರುವುದರಿಂದ ಲಸಿಕೆಗೆ ಇದು ಒಳ್ಳೆಯ ಜಾಗ.

ಹೇಗೆ ಮಾಡುತ್ತಾರೆ?

ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೊದಲು ತ್ರೀಡಿ ಪ್ರಿಂಟರ್ ಎಂಬ ಯಂತ್ರದಲ್ಲಿ ಸೂಜಿಗಳ ಮಾದರಿ ತಯಾರಾಗುತ್ತದೆ. ಬೆಳಕು ಬಿದ್ದರೆ ಗಟ್ಟಿಯಾಗುವ ಒಂದು ದ್ರವದ ಮೇಲೆ, ಬೇಕಾದ ಆಕಾರಕ್ಕೆ ಬೆಳಕು ಬಿಡುತ್ತಾರೆ. ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು, ಹೀಗೆ ಪದರದ ಮೇಲೆ ಪದರ ಕೂತು ಸೂಜಿ ಮೇಲೇಳುತ್ತದೆ. ಉದ್ದ, ದಪ್ಪ, ಮೊನೆ ಹೇಗಿರಬೇಕೆಂದು ಕಂಪ್ಯೂಟರಿನಲ್ಲೇ ಬದಲಾಯಿಸಬಹುದು.

ಆಮೇಲೆ ಎರಡು ದಾರಿ. ಒಂದು, ಪ್ರಿಂಟಾದ ಸೂಜಿಗೇ ಲಸಿಕೆಯನ್ನು ಸವರಿ ಒಣಗಿಸುವುದು. ಇನ್ನೊಂದು, ಆ ಮಾದರಿಯಿಂದ ಮೆತ್ತನೆಯ ಅಚ್ಚು ತೆಗೆದು, ಸಕ್ಕರೆಯಂಥ ಅಥವಾ ನೀರಿನಲ್ಲಿ ಕರಗುವ ಅಂಟಿನಂಥ ಪದಾರ್ಥದಲ್ಲಿ ಲಸಿಕೆ ಬೆರೆಸಿ ಅಚ್ಚಿಗೆ ಹುಯ್ಯುವುದು. ಒಣಗಿದ ಮೇಲೆ ಬಿಡಿಸಿದರೆ ಸೂಜಿಯೇ ಔಷಧಿ. ಚರ್ಮದೊಳಗೆ ಹೋಗಿ ಅದು ಕರಗಿಬಿಡುತ್ತದೆ. ಹೊರಗೆ ಬಿಸಾಡಲು ಚೂಪಾದದ್ದು ಏನೂ ಉಳಿಯುವುದಿಲ್ಲ.

ಎಲ್ಲಿಯವರೆಗೆ ಬಂದಿದೆ?

ಇಂಥ ಸೂಜಿ ಚರ್ಮದ ಮೂಲಕ ಔಷಧಿ ಇಳಿಸಬಲ್ಲದೆಂದು 1998ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ವಿಜ್ಞಾನಿಗಳು ತೋರಿಸಿದರು. 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 100 ಜನರ ಮೇಲೆ ಫ್ಲೂ ಲಸಿಕೆಯ ಕರಗುವ ಪಟ್ಟಿಯನ್ನು ನೋಡಲಾಯಿತು. ಆ ಪಟ್ಟಿ 40 ಡಿಗ್ರಿ ಬಿಸಿಯಲ್ಲಿ ಒಂದು ವರ್ಷ ಇಟ್ಟರೂ ಕೆಟ್ಟಿರಲಿಲ್ಲ. 2021ರಲ್ಲಿ ಸ್ಟ್ಯಾನ್‌ಫರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದವರು ತ್ರೀಡಿ ಪ್ರಿಂಟ್ ಮಾಡಿದ ಸೂಜಿಗಳಿಂದ ಇಲಿಗಳಿಗೆ ಲಸಿಕೆ ಕೊಟ್ಟು, ಮಾಮೂಲಿ ಇಂಜೆಕ್ಷನ್‌ಗಿಂತ ಹೆಚ್ಚಿನ ರೋಗನಿರೋಧಕ ಶಕ್ತಿ ಬಂದದ್ದನ್ನು ಕಂಡರು. 2024ರಲ್ಲಿ ಆಫ್ರಿಕಾದ ಗ್ಯಾಂಬಿಯಾ ದೇಶದ ಪರೀಕ್ಷೆಯ ಫಲಿತಾಂಶ ಬಂತು. ಅಚ್ಚಿನಲ್ಲಿ ಮಾಡಿದ ಪಟ್ಟಿಯಿಂದ ಒಂದೇ ಸಲ ಲಸಿಕೆ ಪಡೆದ 9–10 ತಿಂಗಳ ಕೂಸುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಕೂಸುಗಳಿಗೆ ದಡಾರದಿಂದ ರಕ್ಷಣೆ ಸಿಕ್ಕಿತು.

ಹಸುವಿಗೆ ಏಕೆ ಇನ್ನೂ ಇಲ್ಲ?

ಮಗುವಿನ ಚರ್ಮ ಬೇರೆ, ಹಸುವಿನ ತೊಗಲು ಬೇರೆ. ಹಸುವಿನ ತೊಗಲು ದಪ್ಪ, ಮೇಲೆ ಕೂದಲು, ಧೂಳು, ಸಗಣಿ. ಅಂಟಿಸಿದ್ದನ್ನು ಅದು ನೆಕ್ಕುತ್ತದೆ, ಇಲ್ಲವೇ ಗೂಟಕ್ಕೆ ಮೈ ಉಜ್ಜಿ ಕಿತ್ತು ಹಾಕುತ್ತದೆ. ಎಲ್ಲಕ್ಕಿಂತ ದೊಡ್ಡದು ಪ್ರಮಾಣದ ಲೆಕ್ಕ. ಕಾಲುಬಾಯಿ ಜ್ವರದ ಲಸಿಕೆ ಒಂದು ಹಸುವಿಗೆ ಸಾಮಾನ್ಯವಾಗಿ 2 ಮಿಲಿ ಬೇಕು, ಅದರಲ್ಲಿ ಎಣ್ಣೆಯ ಅಂಶವೂ ಇರುತ್ತದೆ. ಪುಟಾಣಿ ಸೂಜಿಗಳು ಹೊರುವುದು ಚಿಟಿಕೆಯಲ್ಲೂ ಚಿಟಿಕೆಯಷ್ಟು. ಲಸಿಕೆಯನ್ನೇ ಬೇರೆ ರೀತಿ ಮಾಡಬೇಕಾಗುತ್ತದೆ.

ಆದ್ದರಿಂದ ನಮ್ಮ ಲಸಿಕೆ ಕಾರ್ಯಕ್ರಮದಲ್ಲಿ ಇಂಥ ಪಟ್ಟಿ ಇಲ್ಲ. 'ಸೂಜಿಯಿಲ್ಲದ ಲಸಿಕೆ' ಎಂದು ಯಾರಾದರೂ ಮನೆ ಬಾಗಿಲಿಗೆ ತಂದರೆ ದುಡ್ಡು ಕೊಡಬೇಡಿ, ಮೊದಲು ನಿಮ್ಮ ಪಶುವೈದ್ಯರನ್ನು ಕೇಳಿ.

ಅಲ್ಲಿಯವರೆಗೆ ನಮ್ಮ ಕೈಯಲ್ಲೇ ಇರುವುದು

ವಿಜ್ಞಾನಿಗಳು ಈ ಸೂಜಿಯಿಂದ ಮೂರು ತೊಂದರೆ ನೀಗಿಸಲು ಹೊರಟಿದ್ದಾರೆ: ನೋವು ಮತ್ತು ಹೆದರಿಕೆ, ಲಸಿಕೆ ಬಿಸಿಗೆ ಕೆಡುವುದು, ಬಳಸಿದ ಸೂಜಿಯಿಂದ ರೋಗ ಹರಡುವುದು. ಈ ಮೂರನ್ನೂ ನಾವು ಇವತ್ತೇ ಬಹಳಷ್ಟು ಕಡಿಮೆ ಮಾಡಬಹುದು.

ಹೆದರಿಕೆಗೆ: ದಿನಾ ಹಾಲು ಕರೆಯುವವರೇ ಹಸುವನ್ನು ಹಿಡಿದುಕೊಳ್ಳಿ. ಹಗ್ಗ ಗಿಡ್ಡ ಮಾಡಿ, ಮೈ ಸವರುತ್ತ ಮಾತಾಡಿಸಿ. ನಾಲ್ಕು ಜನ ಸೇರಿ ಕೂಗಾಡಿದರೆ ಹಸು ಇನ್ನಷ್ಟು ಬೆದರುತ್ತದೆ. ಬೆದರಿದ ಹಸು ಹಾಲನ್ನು ಪೂರ್ತಿ ಬಿಡುವುದಿಲ್ಲ.

ಬಿಸಿಗೆ: ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಬಂದವರ ಡಬ್ಬಿಯಲ್ಲಿ ಐಸ್ ಇದೆಯೇ ಎಂದು ಕೇಳಿ ನೋಡಿ. ನನ್ನನ್ನು ಕೇಳಿದರೂ ಬೇಸರವಿಲ್ಲ. ತಂಪು ಹೊತ್ತಿಗೆ ಹಸುಗಳನ್ನು ಕಟ್ಟಿ ಸಿದ್ಧವಾಗಿಟ್ಟರೆ ಲಸಿಕೆ ಬಿಸಿಲಲ್ಲಿ ಕಾಯುವುದು ತಪ್ಪುತ್ತದೆ.

ಸೂಜಿಗೆ: ಒಂದು ರಾಸಿಗೆ ಒಂದೇ ಸೂಜಿ. ಕೊಳಕು ಸೂಜಿಯಿಂದ ರಕ್ತದ ಮೂಲಕ ಹರಡುವ ರೋಗಗಳು ಬರಬಹುದು. ಚರ್ಮಗಂಟು ರೋಗವೂ ಹರಡಬಹುದು. "ಸೂಜಿ ಬದಲಾಯಿಸಿ" ಎನ್ನಲು ಹಿಂಜರಿಯಬೇಡಿ. ಬಳಸಿದ ಸೂಜಿ ತಿಪ್ಪೆಗೆ ಬೀಳದಂತೆ ನೋಡಿಕೊಳ್ಳಿ. ನಾಳೆ ಗೊಬ್ಬರ ಹೊರುವ ಕೈ ನಿಮ್ಮದೇ.

ಇನ್ನು ಹಾಲಿನ ಮಾತು. ಲಸಿಕೆಯ ನಂತರ ಕೆಲವು ಹಸುಗಳಿಗೆ ಸಣ್ಣ ಜ್ವರ ಬಂದು ಒಂದೆರಡು ದಿನ ಹಾಲು ಇಳಿಯುವುದು ನಿಜ. ಚುಚ್ಚಿದ ಜಾಗದಲ್ಲಿ ಸ್ವಲ್ಪ ಊತವೂ ಬರಬಹುದು. ನೆರಳು, ನೀರು, ಹಸಿಮೇವು ಕೊಡಿ, ಸರಿಹೋಗುತ್ತದೆ. ಆದರೆ ಕಾಲುಬಾಯಿ ಜ್ವರ ಬಂದರೆ ಬಾಯಲ್ಲಿ ಹುಣ್ಣು, ಜೊಲ್ಲು, ಮೇವು ಬಂದ್. ಆ ಸೂಲಿನಲ್ಲಿ ಹಾಲು ಮತ್ತೆ ಮೊದಲಿನ ಮಟ್ಟಕ್ಕೆ ಬಾರದೇ ಹೋಗಬಹುದು. ಎಳೆ ಕರುಗಳು ಹೃದಯಕ್ಕೆ ಪೆಟ್ಟು ಬಿದ್ದು ಸಾಯುತ್ತವೆ. ಎರಡು ದಿನದ ಹಾಲು ಒಂದು ಕಡೆ, ಇಡೀ ಸೂಲು ಇನ್ನೊಂದು ಕಡೆ. ಲೆಕ್ಕ ನೀವೇ ಹಾಕಿ.

ಈ ಲಸಿಕೆ ಆರು ತಿಂಗಳಿಗೊಮ್ಮೆ, ಪುಕ್ಕಟೆ. ಹಸುವಿಗೆ ಹುಷಾರಿಲ್ಲದಿದ್ದರೆ ಅಥವಾ ಗಬ್ಬ ತುಂಬಾ ಬಲಿತಿದ್ದರೆ ಮೊದಲೇ ಹೇಳಿ, ನೋಡಿ ತೀರ್ಮಾನ ಮಾಡೋಣ.

ಆ ಹುಡುಗಿಗೆ ನನ್ನ ಉತ್ತರ ಇಷ್ಟೇ: ಪುಟಾಣಿ ಸೂಜಿ ಒಂದು ದಿನ ಕೊಟ್ಟಿಗೆಗೂ ಬರಬಹುದಮ್ಮ, ಆದರೆ ರೋಗ ಅದಕ್ಕಾಗಿ ಕಾಯುವುದಿಲ್ಲ. ನಿಮ್ಮ ತಾಯಿಗೆ ಇದನ್ನು ಓದಿ ಹೇಳು. ಅವರು ಒಪ್ಪಿದ ದಿನ ಡೇರಿಯ ಕಾರ್ಯದರ್ಶಿಯವರ ಹತ್ತಿರ ಒಂದು ಮಾತು ತಿಳಿಸಿ. ಆ ಒಂದು ಹಸುವಿಗಾಗಿಯೇ ಮತ್ತೆ ಬರುತ್ತೇನೆ, ಈ ಸಲ ಕೂತು ಮಾತಾಡುವಷ್ಟು ಸಮಯ ಇಟ್ಟುಕೊಂಡು.