ಅದಿರು ನಮ್ಮದು, ಕವಚ ಯಾರಿಗೆ?

ಚಿತ್ರದುರ್ಗ, ಹೊಳಲ್ಕೆರೆ ಸೀಮೆಯ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ. ತುರ್ತು ಕಾಲಕ್ಕೆ ಅಗ್ಗದ ಗುಂಡುನಿರೋಧಕ ಕವಚ ಇಲ್ಲೇ ಯಾಕೆ ಮಾಡಬಾರದು ಅಂತ ಗೆಳೆಯರು ಕೇಳ್ತಾರೆ. ನಾನು ಲೆಕ್ಕ ಹಾಕಿದೆ.

25×30 ಸೆಂ.ಮೀ. ಅಳತೆಯ, 6 ಮಿ.ಮೀ. ದಪ್ಪದ ಉಕ್ಕಿನ ಹಲಗೆ ಸುಮಾರು ಮೂರೂವರೆ ಕೆ.ಜಿ. ಎದೆಗೊಂದು, ಬೆನ್ನಿಗೊಂದು ಅಂದ್ರೆ ಏಳು. ತೂಕ ಹೇಗೋ ಹೊರಬಹುದು. ಅಸಲಿ ತೊಂದರೆ ಬೇರೆ. ಗುಂಡು ಗಟ್ಟಿ ಉಕ್ಕಿಗೆ ಬಡಿದು ಒಡೆದಾಗ ಅದರ ಚೂರುಗಳು ಹಲಗೆಯ ಮೈ ಸವರಿಕೊಂಡು ಕತ್ತು, ಗದ್ದ, ತೋಳಿಗೆ ನುಗ್ಗುತ್ತವೆ. ಅವನ್ನು ಹಿಡಿಯಲು ಮೇಲೆ ದಪ್ಪ ಲೇಪ ಬೇಕು. ಇನ್ನು ಗ್ರಿಲ್ ಅಂಗಡಿಯ ಮೆದು ಉಕ್ಕನ್ನು ರೈಫಲ್ ಗುಂಡು ಸುಲಭವಾಗಿ ತೂರುತ್ತದೆ. ಕಾಯಿಸಿ ತಣಿಸಿ ಗಡಸು ಮಾಡಿದ ಮಿಶ್ರಲೋಹವೇ ಆಗಬೇಕು. ವೆಲ್ಡಿಂಗ್ ಬಿಸಿ ತಾಗಿದ ಕಡೆ ಆ ಗಡಸುತನವೂ ಕುಗ್ಗುತ್ತೆ!

ಇಂಥ ಜಾಕೆಟ್‌ಗೆ ಭಾರತೀಯ ಮಾನಕ ಬ್ಯೂರೋ ಐಎಸ್ 17051 ಮಾನದಂಡ ತಂದದ್ದೇ 2018ರಲ್ಲಿ, ಮುಂಬೈ ದಾಳಿಯಾಗಿ ಹತ್ತು ವರ್ಷಕ್ಕೆ. ಆ ದಾಳಿಯಲ್ಲಿ ಸತ್ತ ಹೇಮಂತ್ ಕರ್ಕರೆ ತೊಟ್ಟಿದ್ದ ಜಾಕೆಟ್ ಆಮೇಲೆ ಕಾಣೆಯಾಗಿತ್ತು.

ಪರೀಕ್ಷೆಯಾಗದ ಕವಚ ಕೊಡೋದು ಸುಳ್ಳು ಧೈರ್ಯ ಮಾತ್ರ. ಹಾಗಾಗಿ ವರ್ಕ್‌ಶಾಪಿಗಿಂತ ಮೊದಲು ಠಾಣೆಗೆ ಹೋಗೋಣ. ಹಿರಿಯೂರು, ಹೊಸದುರ್ಗದ ಕಾನ್‌ಸ್ಟೇಬಲ್‌ಗಳಿಗೆ ಜಾಕೆಟ್ ಇದೆಯಾ, ಯಾವ ವರ್ಷದ್ದು, ಯಾವ ಮಾನದಂಡದ್ದು? ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ. ಕರ್ನಾಟಕದಲ್ಲಿ 150 ಪದದೊಳಗೆ ಬರೆಯಬೇಕು, ಅಷ್ಟೆ.